ನೀರಿನೊಳಗಿನ ರಾಯರ ಕಾಲದ ಮೆಟ್ಟಿಲು

ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರ್‌ಗೆ ದಾರಿ ಬಿಡಲು ಹೋಗಿ ಸ್ಕೂಟರ್ ಸಮೇತ ಕಾಲುವೆಗೆ ಬಿದ್ದೆ. ಕಮಲಾಪುರದಿಂದ ಹೊಸಪೇಟೆಗೆ ಬಾಳೆ ತೋಟಗಳ ನಡುವಿನ ಒಳದಾರಿಯಲ್ಲಿ ಬರುತ್ತಿದ್ದೆ. ನೀರು ಎದೆಮಟ್ಟ ಇತ್ತು, ಸೆಳೆತ ಜೋರಾಗಿತ್ತು. ನನಗೆ ಈಜು ಬಾರದು. ಕಾಲಡಿ ಬರೀ ಪಾಚಿ. ನಿಲ್ಲಲು ಹೋದಂತೆಲ್ಲ ಜಾರಿ, ನೀರು ಕುಡಿದು, ಮುಂದಕ್ಕೆ ಕೊಚ್ಚಿಹೋಗುತ್ತಿದ್ದೆ.

ಸ್ವಲ್ಪ ಮುಂದೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ಎದ್ದು ನಿಂತು ಕೂಗಿದರು: "ಎಡಕ್ಕ ಬರ್ರಿ ಸರ, ಎಡಕ್ಕ! ಅಲ್ಲಿ ನೀರಾಗ ಮೆಟ್ಟಲ ಅದಾವ!"

ಎಡಕ್ಕೆ ಕಾಲು ಚಾಚಿದೆ. ಅಗಲವಾದ ಕಲ್ಲೊಂದು ಸಿಕ್ಕಿತು. ಅದರ ಮೇಲೆ ನಿಂತೆ. ಅವರು ಒಗೆಯುತ್ತಿದ್ದ ಒದ್ದೆ ಸೀರೆಯ ಒಂದು ತುದಿಯನ್ನು ನನ್ನತ್ತ ಎಸೆದು, ಇನ್ನೊಂದು ತುದಿ ಹಿಡಿದು ಎಳೆದುಕೊಂಡರು.

ದಂಡೆಯ ಮೇಲೆ ಕೂತು ಕೆಮ್ಮು ನಿಂತ ಮೇಲೆ, ಕಾಣದ ಮೆಟ್ಟಿಲು ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

"ನಮ್ಮವ್ವ, ಅವರವ್ವ ಎಲ್ಲಾರೂ ಇಲ್ಲೇ ಬಟ್ಟಿ ಒಗದಾರ್ರಿ. ವಿಜಯನಗರದ ರಾಯರ ಕಾಲದ್ದು ಇದು. ಕಾಲುವಿ ಬಂದ್ ಮಾಡಿದಾಗ ಬಂದು ನೋಡ್ರಿ, ಪೂರಾ ಕಾಣ್ತಾವ," ಎಂದು ಅವರು ಮತ್ತೆ ಬಟ್ಟೆ ಒಗೆಯಲು ಕೂತರು. ಸ್ಕೂಟರನ್ನು ತೋಟದವರು ಹಗ್ಗ ಕಟ್ಟಿ ಮೇಲೆತ್ತಿಕೊಟ್ಟರು.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನು. ವಿಜಯನಗರ ಹಾಳಾಯಿತು, ಜನ ಊರು ಬಿಟ್ಟರು ಎಂದು ಹೇಳಿ ಇಪ್ಪತ್ತು ವರ್ಷ ಪಾಠ ಮುಗಿಸಿದ್ದೆ. ಈ ಸಲ ಅಲ್ಲಿಗೆ ಮುಗಿಸಲಿಲ್ಲ. ನೀರು ನಿಲ್ಲಿಸಿದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಮೆಟ್ಟಿಲುಗಳನ್ನು ಎಣಿಸಿದೆವು. ಏಳು ಇದ್ದವು. ಒಂದೂ ಅಲುಗಾಡಿರಲಿಲ್ಲ.