ಅನುಮಾನಪ್ಪನ ಮೊಮ್ಮಗಳ ತೂಕ

ನಮ್ಮ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ನಾವು ನರ್ಸುಗಳೆಲ್ಲ ಸೇರಿ ಇಟ್ಟ ಹೆಸರು ಅನುಮಾನಪ್ಪ. ಟೀ ಬೇಕಾ ಅಂದರೆ "ಯಾಕೆ?" ಎನ್ನುವ ಆಸಾಮಿ. ಅವರ ಜೊತೆ ಏಗಿ ಏಗಿ ನನ್ನ ಅರ್ಧ ಕೂದಲು ನೆರೆತಿದೆ.

ಆವತ್ತು ಎಳೆಗೂಸುಗಳ ವಾರ್ಡಿನಲ್ಲಿ ಹೊಸ ಪ್ರೋಗ್ರಾಂ ಕೈಕೊಟ್ಟಿತು. ಕೂಸಿನ ತೂಕ ಟೈಪ್ ಮಾಡಿದರೆ ಅದು ಔಷಧದ ಪ್ರಮಾಣ ಲೆಕ್ಕ ಹಾಕಿ, ಔಷಧ ಹರಿಸುವ ಪಂಪಿಗೆ ಕಳಿಸಬೇಕು. ಬದಲಿಗೆ "ಟೈಪ್ ಮಿಸ್‌ಮ್ಯಾಚ್" ಎಂದು ಮೊಂಡು ಹಿಡಿದು ಕೂತಿತು. ಔಷಧಕ್ಕೆ ಕಾಯುತ್ತಿದ್ದದ್ದು ಬೇರೆ ಯಾರೂ ಅಲ್ಲ, ಅನುಮಾನಪ್ಪನವರ ಮಗಳು ದಿನ ತುಂಬುವ ಮೊದಲೇ ಹೆತ್ತ ಕೂಸು.

ಅವರು ಬಂದು ನೋಡಿದರು. "ತೂಕದ ಪಕ್ಕ ಗ್ರಾಂ ಅಂತಾನೂ ಬರೆದಿದ್ದೀರಲ್ಲ, ಸಿಸ್ಟರ್. ಪ್ರೋಗ್ರಾಂ ಅದನ್ನ ಅಕ್ಷರ ಅಂದ್ಕೊಂಡು ಹಾಗೇ ತನ್ನೊಳಗೆ ಲೆಕ್ಕ ಹಾಕೋ ಭಾಗಕ್ಕೆ, ಅಂದ್ರೆ ಸಬ್‌ರುಟೀನಿಗೆ ದಾಟಿಸ್ತಿದೆ. ಅದಕ್ಕೆ ಬೇಕಿರೋದು ಬರೀ ಸಂಖ್ಯೆ."

"ಹಾಗಾದ್ರೆ ಅಕ್ಷರ ಕಿತ್ತುಹಾಕಿ ಸಂಖ್ಯೆ ಕಳಿಸಿ! ಒಂದು ಸಾಲಿನ ಕೆಲಸ ತಾನೇ?" ಎಂದೆ ನಾನು.

"ಒಂದೇ ಸಾಲು. ಆದ್ರೆ ಎಲ್ಲರೂ ಗ್ರಾಂನಲ್ಲೇ ಬರೀತಾರಾ?"

ಅಯ್ಯೋ, ತಲೆ ಚಚ್ಚಿಕೊಳ್ಳುವ ಹಾಗಾಯಿತು. ಬಾಗಿಲಲ್ಲಿ ನಿಂತಿದ್ದ ಮಗಳು, "ಅಪ್ಪಾ, ಇದು ಪ್ರಶ್ನೆ ಕೇಳೋ ಹೊತ್ತಾ?" ಎಂದು ಚೀರಿದಳು. ಆದರೂ ಮನುಷ್ಯ ಜಗ್ಗಲಿಲ್ಲ.

"ದೊಡ್ಡ ಕೂಸಾದ್ರೆ ಕೆಜಿ, ಕೆಜಿ ದಾಟದೇ ಇದ್ರೆ ಗ್ರಾಂ. ನಾವು ಯಾವತ್ತೂ ಹಾಗೇ ಬರೆಯೋದು. ಅದಕ್ಕೂ ಇದಕ್ಕೂ ಏನ್ ಸಂಬಂಧ ಸಾರ್?" ಎಂದು ನಾನು ರೇಗಿದೆ.

ಅವರು ಪಂಪಿನ ಸಂಪರ್ಕ ತೆಗೆದು, ನಾನು ಹೇಳಿದಂತೆಯೇ ಮಾಡಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಯಾವ ಸಂಖ್ಯೆ ಕೊಟ್ಟರೂ ಕೆಜಿ ಎಂದೇ ಎಣಿಸುವ ಆ ಪ್ರೋಗ್ರಾಂನಲ್ಲಿ ಮೊಮ್ಮಗಳ ಒಂಬೈನೂರ ಎಂಬತ್ತು ಗ್ರಾಂ, ಒಂಬೈನೂರ ಎಂಬತ್ತು ಕೆಜಿ ಆಗಿಹೋಗಿತ್ತು. ಕೆಳಗಿದ್ದ ಔಷಧದ ಪ್ರಮಾಣವನ್ನು ಎರಡೆರಡು ಸಲ ಓದಿದೆ. ಸಾವಿರ ಪಟ್ಟು!

ಆಮೇಲೆ ಅವರು ತೂಕದ ಅಂಕಿಗೊಂದು, ಗ್ರಾಂ-ಕೆಜಿ ಅಳತೆಗೊಂದು ಬೇರೆ ಖಾನೆ ಮಾಡಿದರು. ಯಾವುದೇ ಅಳತೆಯಲ್ಲಿ ಬರೆದರೂ ಮೊದಲು ಕೆಜಿಗೆ ತಿರುಗಿಸಿ, ಸಂಖ್ಯೆಯಾಗಿಯೇ ಸಬ್‌ರುಟೀನಿಗೆ ಕೊಡುವಂತೆ ಮಾಡಿದರು. ಬಂದ ಉತ್ತರವನ್ನು ಡಾಕ್ಟರು ಕೈಲೆಕ್ಕ ಹಾಕಿ ತಾಳೆ ನೋಡಿದ ಮೇಲೆ ಪಂಪು ಓಡಿತು.

ಮಗಳ ಸಿಟ್ಟು ಮಾತ್ರ ಇಳಿಯಲಿಲ್ಲ. "ಸ್ವಂತ ಮೊಮ್ಮಗಳನ್ನೂ ಹೀಗೆ ಕಾಯಿಸ್ತೀಯಲ್ಲಪ್ಪಾ, ನಿನಗೆ ಕರುಳೇ ಇಲ್ವಾ?"

ಇದ್ದದ್ದನ್ನು ಹೇಳಿಬಿಡೋಣವೆಂದು ನಾನು ಬಾಯಿ ತೆರೆದೆ. ಅನುಮಾನಪ್ಪ ನನ್ನನ್ನು ಪಕ್ಕಕ್ಕೆ ಕರೆದರು.

"ಆ ಅಂಕಿ ಅವಳಿಗೆ ಹೇಳ್ಬೇಡಿ ಸಿಸ್ಟರ್. ಹಸಿ ಬಾಣಂತಿ, ಹೆದರ್ಕೋತಾಳೆ. ನನ್ನನ್ನೇ ಬೈಕೊಂಡಿರಲಿ ಬಿಡಿ."

ಎಂಥಾ ಮನುಷ್ಯನಪ್ಪಾ ಇವನು! ಮಗಳು ಅವರತ್ತ ತಿರುಗಿಯೂ ನೋಡದೆ ಕೂಸಿನ ಹತ್ತಿರ ಹೋದಳು. ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.