ಭಾವ ಇಳಿಸಿದ ಸೀಮೆಎಣ್ಣೆ

ಭದ್ರಾವತಿಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಚಿಕ್ಕ ಬಟ್ಟೆ ಅಂಗಡಿ ಇತ್ತು. ಪಂಚೆ, ಟವೆಲು, ಅಗ್ಗದ ಸೀರೆ. ಕೊಳ್ಳುವವರು ಬಹುಪಾಲು ಕಬ್ಬಿಣದ ಕಾರ್ಖಾನೆಯ ಕೆಲಸಗಾರರು. ಅಂಗಡಿಗೆ ಬೆಂಕಿ ವಿಮೆ ಮಾಡಿಸು ಎಂದು ಹಟ ಹಿಡಿದವರು ನನ್ನ ಅಕ್ಕನ ಗಂಡ. ಶಿವಮೊಗ್ಗದ ಕೋಟೆ ಬೀದಿಯಲ್ಲಿ ಅವರಿಗೆ ದಿನಸಿ ಅಂಗಡಿ. ಇಂಗ್ಲಿಷ್ ಬಲ್ಲವರು. ವಿಮೆ ಕಂಪನಿಯ ಕಾಗದವನ್ನು ಅವರೇ ಪೂರ್ತಿ ಓದಿ, "ವರ್ಷಾ ವರ್ಷ ಕಂತು ಕಟ್ಟು, ಉಳಿದಿದ್ದು ನನಗೆ ಬಿಡು" ಎಂದಿದ್ದರು. ಬಿಟ್ಟೆ. ತಂದೆಯಿಲ್ಲದ ನನಗೆ ಮುಂದೆ ನಿಂತು ಮದುವೆ ಮಾಡಿಸಿದವರೂ ಅವರೇ.

ಎರಡನೇ ಮಹಾಯುದ್ಧ ಶುರುವಾದ ಮೇಲೆ ಸೀಮೆಎಣ್ಣೆ ಸಿಗುವುದು ಕಷ್ಟವಾಯಿತು. ಒಂದು ಬೆಳಿಗ್ಗೆ ಭಾವ ಎತ್ತಿನ ಗಾಡಿಯಲ್ಲಿ ಆರು ಡಬ್ಬ ತಂದು ಇಳಿಸಿದರು. ಡಬ್ಬಗಳಿಗೆ ಅಕ್ಕನ ಹಳೆಯ ಸೀರೆ ಸುತ್ತಿತ್ತು. ಅಕ್ಕನೂ ಜೊತೆಗಿದ್ದಳು, ಹೆಂಗಸು ಕೂತ ಗಾಡಿಯನ್ನು ದಾರಿಯಲ್ಲಿ ಯಾರೂ ತಡೆಯುವುದಿಲ್ಲವೆಂದು ಕರೆತಂದಿದ್ದರು.

"ನಮ್ಮಲ್ಲಿ ತಪಾಸಣೆ ಜಾಸ್ತಿ ಆಗಿದೆ ಮಾರಾಯ. ಎಂಟು ದಿನ ಇರ್ಲಿ. ಬಟ್ಟೆ ಅಂಗಡೀಲಿ ಯಾರು ಹುಡುಕ್ತಾರೆ?" ಎಂದರು ಭಾವ.

ಹಿಂದಿನ ಕೋಣೆಯಲ್ಲಿ ಇಡಿಸಿದೆ. ಎಂಟು ದಿನ ಎರಡು ತಿಂಗಳಾಯಿತು.

ಪಕ್ಕದ ಹೋಟೆಲಿನ ಒಲೆಯ ಕಿಡಿ ಸೂರಿಗೆ ಹತ್ತಿದ್ದು ಒಂದು ಮಧ್ಯಾಹ್ನ, ನಾನು ಊಟಕ್ಕೆ ಮನೆಗೆ ಹೋಗಿದ್ದಾಗ. ಹೋಟೆಲು ಅರ್ಧ ಸುಟ್ಟು ಆರಿತು. ನನ್ನ ಅಂಗಡಿಯಲ್ಲಿ ಗೋಡೆ ಬಿಟ್ಟು ಏನೂ ಉಳಿಯಲಿಲ್ಲ.

ವಿಮೆ ಕಂಪನಿ ಕಳಿಸಿದ ಅಧಿಕಾರಿ ವಯಸ್ಸಾದವರು, ಮೆತ್ತನೆಯ ಮಾತಿನವರು. ಕೋಲಿನಿಂದ ಬೂದಿ ಕೆದಕಿ, ಸೊಟ್ಟಗಾಗಿದ್ದ ಡಬ್ಬಗಳನ್ನು ಹೊರಗೆಳೆದರು.

"ಸೀಮೆಎಣ್ಣೆ ಇಟ್ರೆ ಪರಿಹಾರ ಇಲ್ಲ ಅಂತ ಕಾಗದದಲ್ಲೇ ಇದೆಯಲ್ಲ. ಯಾರೂ ಹೇಳ್ಲಿಲ್ವಾ?"

ಯಾರೂ ಹೇಳಿರಲಿಲ್ಲ. ಕಾಗದ ಓದಿದ್ದ ಭಾವನಿಗೆ ಮಾತ್ರ ಅದು ಗೊತ್ತಿತ್ತು. ಗೊತ್ತಿದ್ದೇ ಇಳಿಸಿ ಹೋಗಿದ್ದರು. ನಡೆದದ್ದನ್ನೆಲ್ಲ ಹೇಳಿದೆ.

"ಡಬ್ಬ ತಮ್ಮದು, ಷರತ್ತು ನಿಮಗೆ ಗೊತ್ತಿರ್ಲಿಲ್ಲ ಅಂತ ನಿಮ್ಮ ಭಾವ ಬರ್ಕೊಟ್ರೆ ಮೇಲಿನವರಿಗೆ ಶಿಫಾರಸು ಮಾಡ್ತೀನಿ. ಪೂರ್ತಿ ಅಲ್ದಿದ್ರೂ ಅಷ್ಟೋ ಇಷ್ಟೋ ಬರಬಹುದು" ಎಂದರು. ಇಬ್ಬರೂ ರೈಲು ಹತ್ತಿ ಶಿವಮೊಗ್ಗಕ್ಕೆ ಹೋದೆವು.

ಭಾವ ಮನೆಯಲ್ಲೇ ಇದ್ದರು. ಅಧಿಕಾರಿಗೆ ಕುರ್ಚಿ ಹಾಕಿದರು. ನನ್ನ ಮುಖ ನೋಡಲಿಲ್ಲ.

"ನನ್ನ ಡಬ್ಬನಾ? ಕಾಳಸಂತೆ ವ್ಯಾಪಾರ ಬೇಡ ಅಂತ ಇವನಿಗೆ ಎಷ್ಟು ಸಲ ಹೇಳಿದೀನಿ ಸ್ವಾಮಿ. ಹೆಂಡ್ತಿ ತಮ್ಮ ಅಂತ ಸುಮ್ನಿದ್ದೆ."

ಅಕ್ಕ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅಕ್ಕ, ಗಾಡೀಲಿ ನೀನೇ ಬಂದಿದ್ಯಲ್ಲ, ಹೇಳು" ಎಂದೆ. ಅಧಿಕಾರಿಯೂ ಅವಳತ್ತ ತಿರುಗಿದರು.

"ಅಂಗಡಿ ವಿಷಯ ನನಗೇನೂ ಗೊತ್ತಿಲ್ಲ" ಎಂದು ಲೋಟಗಳನ್ನು ಇಟ್ಟು ಒಳಗೆ ಹೋದಳು.

ಅಧಿಕಾರಿ ಕಾಫಿ ಮುಟ್ಟದೆ ಎದ್ದರು. ಅವರು ನನ್ನನ್ನೇ ನಂಬಿದ್ದರೆಂದು ಈಗಲೂ ಅನಿಸುತ್ತದೆ. ಆದರೆ ಬರೆದುಕೊಳ್ಳಲು ನನ್ನ ಬಾಯಿಮಾತು ಬಿಟ್ಟು ಬೇರೇನೂ ಇರಲಿಲ್ಲ. ತಿಂಗಳ ನಂತರ ಕಂಪನಿಯಿಂದ ಇಂಗ್ಲಿಷ್ ಕಾಗದ ಬಂತು. ಶಾಲೆಯ ಮೇಷ್ಟರ ಹತ್ತಿರ ಓದಿಸಿದೆ. ಪರಿಹಾರ ಇಲ್ಲವಂತೆ.

ಬೇರೆಯವರ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುವ ಕೆಲಸಕ್ಕೆ ಸೇರಿದೆ. ಆ ವರ್ಷ ಗೌರಿ ಹಬ್ಬಕ್ಕೆ ಅಕ್ಕನಿಗೆ ಬಾಗಿನ ಕೊಡಲು ನಾನು ಹೋಗಲಿಲ್ಲ, ಹೆಂಡತಿ ಹೋಗಿಬಂದಳು. ನನಗೆ ಬಡಿಸುತ್ತ, "ನಿಮ್ಮಕ್ಕ ಒಂದು ಮಾತು ಕೇಳು ಅಂದ್ರು" ಎಂದಳು. "ಅವತ್ತು ನಿಜ ಹೇಳಿದ್ರೆ ಅವರನ್ನ ನಿಮ್ಮ ಭಾವ ಮನೆಯಿಂದ ಹೊರಗೆ ಹಾಕ್ತಿದ್ರಂತೆ. ಮೂರು ಮಕ್ಕಳನ್ನ ಕಟ್ಕೊಂಡು ಬಂದಿದ್ರೆ, ಅಂಗಡಿ ಕಳ್ಕೊಂಡ ತಮ್ಮ ಸಾಕ್ತಿದ್ನಾ ಅಂತ ಕೇಳಿದ್ರು."

"ಸಾಕ್ತಿದ್ದೆ!" ಎಂದು ಕೂಗಿದೆ. ಹೆಂಡತಿ ಇನ್ನಷ್ಟು ಸಾರು ಬಡಿಸಿದಳು.

ಮುಂದೆ ಅಕ್ಕನ ಮಕ್ಕಳ ಮದುವೆಗಳಿಗೆ ಹೋಗಿ ಓಡಾಡಿದೆ. ಭಾವ ಸತ್ತಾಗ ಹೆಗಲು ಕೊಟ್ಟೆ. ಆದರೆ ಅಕ್ಕನೂ ನಾನೂ ಇಬ್ಬರೇ ಕೂರುವ ಸಂದರ್ಭ ಬಂದಾಗಲೆಲ್ಲ, ಆ ಪ್ರಶ್ನೆಯನ್ನು ನನ್ನನ್ನೇ ಕೇಳಿಬಿಟ್ಟಾಳೆಂದು ಏನಾದರೊಂದು ನೆವ ಹೇಳಿ ಎದ್ದುಬಿಡುತ್ತಿದ್ದೆ.