ಹಕ್ಕಿಗೆ ಬ್ರೇಕ್ ಹಾಕುತ್ತಿದ್ದ ರಿಕ್ಷಾದವರು

ನಾನು ಕಡಬದಲ್ಲಿದ್ದಷ್ಟು ವರ್ಷ ನಮ್ಮ ಓಡಾಟವೆಲ್ಲ ಈ ರಿಕ್ಷಾದವರ ಗಾಡಿಯಲ್ಲೇ. ಚಳಿಗಾಲದ ಭಾನುವಾರ ಮಾತ್ರ ಅವರು ಬಾಡಿಗೆಗೆ ಸಿಗುತ್ತಿರಲಿಲ್ಲ. ರಕ್ಷಿತಾರಣ್ಯದಲ್ಲಿ ಸ್ವಯಂಸೇವಕರಾಗಿ ಹಕ್ಕಿ ಎಣಿಸಲು ಹೋಗುತ್ತಿದ್ದರು. ಉಳಿದ ದಿನವೂ ಪೊದೆಯಲ್ಲಿ ಏನಾದರೂ ಕೂಗಿದರೆ ಎಂಜಿನ್ ಬಂದ್ ಮಾಡಿ, ಕುತ್ತಿಗೆ ಹೊರಚಾಚಿ, "ಒಂದೇ ನಿಮಿಷ ಮಾರಾಯ್ರೆ" ಎನ್ನುವರು.

ಡಿಸೆಂಬರಿನ ಒಂದು ಬೆಳಿಗ್ಗೆ ನನ್ನ ಸೋದರತ್ತೆಯನ್ನು ನೆಟ್ಟಣ ಸ್ಟೇಷನ್ನಿಗೆ ಕರೆದೊಯ್ಯುತ್ತಿದ್ದೆವು. ದಾರಿಯಲ್ಲಿ ನವರಂಗ ಹಕ್ಕಿಯೊಂದು ಯಾವುದೋ ವಾಹನಕ್ಕೆ ಬಡಿದು ಬಿದ್ದಿತ್ತು. ಅವರು ಅದನ್ನು ಹೆಗಲ ಬೈರಾಸಿನಲ್ಲಿ ಸುತ್ತಿ ಅತ್ತೆಯ ಮಡಿಲಿಗಿಟ್ಟರು.

"ಎಂತ ಇದು? ನನಗೆ ರೈಲು ಉಂಟು!"

"ಗಟ್ಟಿ ಹಿಡಿಬೇಡಿ ಅಮ್ಮ. ಬೆಚ್ಚಗಾದ್ರೆ ಹಾರ್ತದೆ. ಒಂದೇ ನಿಮಿಷ."

ಗೊಣಗುತ್ತಲೇ ಅತ್ತೆ ಬಟ್ಟೆಯೊಳಗೆ ಇಣುಕಿದರು. ಹಸಿರು ಬೆನ್ನು, ಹೊಟ್ಟೆಯಡಿ ಕೆಂಪು, ಕಣ್ಣಿಗೆ ಕಾಡಿಗೆ ಎಳೆದಂಥ ಕಪ್ಪು ಪಟ್ಟಿ. ಗೊಣಗಾಟ ಮರೆತು ಸೆರಗಿನಿಂದ ಗಾಳಿಗೆ ಮರೆ ಮಾಡಿದರು. ಇಪ್ಪತ್ತು ನಿಮಿಷವಾಯಿತು. ದೂರದಲ್ಲಿ ರೈಲು ಕೂಗಿದಾಗ ನಾನು ಚಡಪಡಿಸಿದೆ.

"ಸುಮ್ಮನಿರು, ಅದು ಹೆದರ್ತದೆ" ಎಂದು ಅತ್ತೆ ಗದರಿದರು.

ಅಷ್ಟರಲ್ಲಿ ಹಕ್ಕಿ ರೆಕ್ಕೆ ಕೊಡವಿ ಎದ್ದು, ಪೊದೆಯೊಳಕ್ಕೆ ಹಾರಿಯೇ ಹೋಯಿತು.

"ರೈಲು ಹೋಯ್ತಲ್ಲ ಅಮ್ಮ" ಎಂದು ಅವರು ತಲೆ ತುರಿಸಿಕೊಂಡರು.

"ರೈಲು ನಾಳೆಯೂ ಉಂಟು. ಅದು ಎಲ್ಲಿ ಕೂತಿತು, ಮೊದಲು ತೋರಿಸಿ" ಎನ್ನುತ್ತ ಅತ್ತೆ ರಿಕ್ಷಾದಿಂದ ಇಳಿದರು.

ರಿಕ್ಷಾದವರು ಆಗಲೇ ತರಗೆಲೆ ಸದ್ದಾಗದಂತೆ ಚಪ್ಪಲಿ ಕಳಚುತ್ತಿದ್ದರು.